ದೆವ್ವ ನನ್ನ ತಿನ್ನಲಿ: ಡ್ಯಾನಿಶ್ ಹುಡುಗರ ಬಾಯಲ್ಲಿ ಆಣೆ

(ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ತಿಂಗಳಿಗೊಮ್ಮೆ ನಡೆಯುವ ಮಾತುಕತೆಯಲ್ಲಿ ಹೇಳಿದ್ದು. ಬರೆದುಕೊಡಿ ಅಂತ ಕೇಳಿದರು, ಹೆಚ್ಚುಕಮ್ಮಿ ಆಡಿದ ಹಾಗೇ ಬರೆದಿದ್ದೇನೆ. ಅವತ್ತು ಮುಂದಿನ ಸಾಲಿನಲ್ಲಿ ಮಕ್ಕಳಿದ್ದರು ಅಂತ ಒಂದೆರಡು ಪದ ನುಂಗಿದ್ದೆ. ಇಲ್ಲಿ ನುಂಗಿಲ್ಲ.)

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ನಾನು ಭಾಷಾವಿಜ್ಞಾನಿ ಅಲ್ಲ. ಕೋಪನ್‌ಹೇಗನ್‌ನಲ್ಲಿ ಆರು ವರ್ಷ ಕಂಪ್ಯೂಟರ್ ಕೆಲಸ ಮಾಡಿದವನು. ಅಲ್ಲಿ ಸಂಜೆ ಹೊತ್ತು ಡ್ಯಾನಿಶ್ ಕಲಿಯಲು ಶಾಲೆಗೆ ಹೋಗುತ್ತಿದ್ದೆ. ಹಗಲು ಆಫೀಸಿನಲ್ಲಿ ಕೇಳಿಸಿಕೊಂಡ ಡ್ಯಾನಿಶ್ ಒಂದು, ಸಂಜೆ ಪುಸ್ತಕದಲ್ಲಿ ಓದಿದ ಡ್ಯಾನಿಶ್ ಇನ್ನೊಂದು. ಎರಡಕ್ಕೂ ಮಧ್ಯೆ ಏನೋ ಬಿಟ್ಟುಹೋಗಿದೆ ಅನ್ನಿಸುತ್ತಿತ್ತು. ಬಿಟ್ಟುಹೋಗಿದ್ದು ಬೈಗುಳ ಅಂತ ಆಮೇಲೆ ಗೊತ್ತಾಯಿತು. ಇನ್ನೂ ಆಮೇಲೆ, ಅದು ಬೈಗುಳ ಅಲ್ಲವೇ ಅಲ್ಲ ಅಂತ ಗೊತ್ತಾಯಿತು. ಇವತ್ತು ಹೇಳಬೇಕು ಅಂತಿರುವುದು ಈ ಎರಡನೇ ವಿಷಯ.

ನಮ್ಮ ಆಫೀಸಿಗೆ ವಾರಕ್ಕೆ ಎರಡು ಮೂರು ದಿನ ಕಾಲೇಜು ಹುಡುಗ ಹುಡುಗಿಯರು ಕೆಲಸಕ್ಕೆ ಬರುತ್ತಿದ್ದರು. ಅಲ್ಲಿ ಅದು ಮಾಮೂಲು, ಓದುತ್ತಾ ದುಡಿಯುವುದು. ಸೇರಿದ ಮೊದಲ ವಾರ ಅವರಲ್ಲಿ ಒಬ್ಬಳನ್ನು ಪ್ರಿಂಟರ್ ಕಾಗದ ಎಲ್ಲಿಟ್ಟಿರುತ್ತಾರೆ ಅಂತ ಕೇಳಿದೆ. ಅವಳು ಬಾಳೆಹಣ್ಣು ಸುಲಿಯುತ್ತಾ, ನಗುತ್ತಾ, 'ಯಾಯ್ ವೇದ್ ದೇ ಸ್ಗು ಇಕ್ಕೆ' ಅಂದಳು. ಯಾಯ್ ಅಂದರೆ ನಾನು. ವೇದ್ ಅಂದರೆ ತಿಳಿ. ದೇ ಅಂದರೆ ಅದು. ಇಕ್ಕೆ ಅಂದರೆ ಇಲ್ಲ. ಮಧ್ಯದ 'ಸ್ಗು' ಏನು? ನಿಘಂಟು ನೋಡುವಷ್ಟು ತಾಳ್ಮೆ ಇರಲಿಲ್ಲ. ಸಂಜೆ ಕ್ಲಾಸಿನಲ್ಲಿ ಟೀಚರನ್ನೇ ಕೇಳಿದೆ. ಆಕೆ ಒಂದು ಕ್ಷಣ ಯೋಚಿಸಿ, 'ಅದು ದೇವರು' ಅಂದರು.

ನಿಜಕ್ಕೂ ದೇವರೇ. ಡ್ಯಾನಿಶ್‌ನಲ್ಲಿ ದೇವರಿಗೆ 'ಗುದ್' ಅನ್ನುತ್ತಾರೆ. ಹಿಂದೆ ಆಣೆ ಇಡುವಾಗ, 'ನಾನು ಹೇಳುತ್ತಿರುವುದು ಸತ್ಯವಾಗಿದ್ದರೆ ದೇವರು ನನಗೆ ಸಹಾಯ ಮಾಡಲಿ' ಅಂತ ಉದ್ದಕ್ಕೆ ಹೇಳುತ್ತಿದ್ದರು. ಅದು ಸವೆದು ಸವೆದು 'ಸೊ ಗುದ್' ಆಯಿತು. ಇನ್ನೂ ಸವೆದು 'ಸ್ಗು' ಆಯಿತು. ಬಾಯಲ್ಲಿ ಬಂದಾಗ 'ಸ್ಕೊ' ಅಂದ ಹಾಗೆ ಕೇಳುತ್ತದೆ. ಕೋರ್ಟಿನಲ್ಲಿ ಇಡುವಂಥ ಒಂದಿಡೀ ಪ್ರಮಾಣ ವಚನ ಮೂರು ಅಕ್ಷರಕ್ಕೆ ಇಳಿದಿದೆ. ಆ ಹುಡುಗಿ ಪ್ರಿಂಟರ್ ಕಾಗದದ ಬಗ್ಗೆ ಬಾಳೆಹಣ್ಣು ತಿನ್ನುತ್ತಾ ದೇವರ ಮೇಲೆ ಆಣೆ ಇಟ್ಟಿದ್ದಳು. ಅವಳಿಗೇ ಅದು ಗೊತ್ತಿಲ್ಲ!

ಕನ್ನಡದಲ್ಲಿ ಇದನ್ನು ಹೇಗೆ ಹೇಳುವುದು ಅಂತ ತುಂಬಾ ದಿನ ತಲೆ ಕೆರೆದುಕೊಂಡಿದ್ದೆ. 'ದೇವ್ರಾಣೆ ಗೊತ್ತಿಲ್ಲ' ಅಂದರೆ ಸರಿಹೋಗುವುದಿಲ್ಲ, ಅದರಲ್ಲಿ ಜಾಸ್ತಿ ಭಾರ ಇದೆ. ಯಾರೋ ಅವಳನ್ನು ಅನುಮಾನಿಸಿದ ಹಾಗಾಗುತ್ತದೆ. ಕೊನೆಗೆ ಸಿಕ್ಕಿದ್ದು ನಮ್ಮ ಕರಾವಳಿ ಮತ್ತು ಮಲೆನಾಡಿನ ಮಾತು: 'ಗೊತ್ತಿಲ್ಲ ಮಾರಾಯ.' ಅಲ್ವಾ? ಮಾರಾಯ ಅನ್ನುವಾಗ ಯಾವ ಮಹಾರಾಜನೂ ನಮ್ಮ ಕಣ್ಣ ಮುಂದೆ ಬರುವುದಿಲ್ಲ. ಮಾತಿಗೆ ಸ್ವಲ್ಪ ಬಿಸಿ, ಸ್ವಲ್ಪ ಸಲಿಗೆ ಬರುತ್ತದೆ, ಅಷ್ಟೇ. 'ಚಳಿ ಮಾರಾಯ', 'ಬಸ್ಸು ಹೋಯ್ತು ಮಾರಾಯ', 'ಚೆನ್ನಾಗಿದೆ ಮಾರಾಯ.' ಈ ಮೂರು ಕಡೆಯೂ ಡ್ಯಾನಿಶ್ ಹುಡುಗ ಸ್ಗು ಹಾಕುತ್ತಾನೆ. ಒಂದೇ ವ್ಯತ್ಯಾಸ, ಸ್ಗು ಎಲ್ಲಿ ಬೇಕಾದರೂ ಬರುವುದಿಲ್ಲ. ಅದರ ಜಾಗ ಕ್ರಿಯಾಪದ ಆದ ಮೇಲೆ. ನಾನೊಮ್ಮೆ ಹುಮ್ಮಸ್ಸಿನಲ್ಲಿ ವಾಕ್ಯದ ಮೊದಲಿಗೇ ಹಾಕಿದೆ. ಮೇಜಿನ ಸುತ್ತ ಇದ್ದ ನಾಲ್ಕು ಜನರೂ ನಕ್ಕರು. ಬೈದಿದ್ದಕ್ಕಲ್ಲ, ವ್ಯಾಕರಣ ತಪ್ಪಿದ್ದಕ್ಕೆ.

ಇದು ಒಂದೇ ಪದದ ಕತೆ ಅಲ್ಲ, ಇದಕ್ಕೊಂದು ದೊಡ್ಡ ಕುಟುಂಬವೇ ಇದೆ. 'ಫ್ಯಾನೆನ್' ಅಂದರೆ ದೆವ್ವ, ಸೈತಾನ. ಅದರಿಂದ 'ಫ್ಯಾನ್ಮೆ' ಅಂತೊಂದು ಪದ. ಬಿಡಿಸಿದರೆ 'ದೆವ್ವ ನನ್ನನ್ನು ತಿನ್ನಲಿ'. ಸೈತಾನನನ್ನೇ ಹೆಸರು ಹಿಡಿದು ಕರೆದರೆ 'ಸಾತ್ಮೆ', ಸೈತಾನ ನನ್ನನ್ನು ತಿನ್ನಲಿ. ಇವೆಲ್ಲಕ್ಕಿಂತ ಖಾರದ್ದು 'ಕ್ರಾಫ್ಟೇದಮೆ'. ಬಿಡಿಸಿದರೆ 'ಕ್ಯಾನ್ಸರ್ ನನ್ನನ್ನು ತಿನ್ನಲಿ'.

ಗಮನಿಸಿ, ಎಲ್ಲ ಕಡೆ 'ನನ್ನನ್ನು'. ನಮ್ಮ ಊರಿನ ಶಾಪಗಳು ಯಾವ ಕಡೆ ತಿರುಗಿರುತ್ತವೆ ನೆನಪು ಮಾಡಿಕೊಳ್ಳಿ. 'ನಿನ್ ಮನೆ ಹಾಳಾಗ', 'ನಿನ್ ಬಾಯಿಗೆ ಮಣ್ಣು ಹಾಕ', 'ನಿನಗೆ ಮಾರಿ ಬಡಿಯ'. ಎಲ್ಲ ಎದುರಿಗಿರುವವನ ಕಡೆ. ನಾವು ನಮ್ಮ ಮೇಲೇ ಶಾಪ ಹಾಕಿಕೊಳ್ಳುವುದು ಆಣೆ ಇಡುವಾಗ ಮಾತ್ರ: 'ಸುಳ್ಳು ಹೇಳಿದ್ರೆ ನನ್ ಕಣ್ಣು ಹೋಗ್ಲಿ', 'ನನ್ ನಾಲಿಗೆ ಬಿದ್ದುಹೋಗ್ಲಿ'. ಡ್ಯಾನಿಶ್ ಹುಡುಗರ 'ಬೈಗುಳ' ಅಂತ ಎಲ್ಲರೂ ಕರೆಯುವುದು ಈ ಎರಡನೇ ಜಾತಿಯದ್ದು. ಇವತ್ತು ಚಳಿ ಜಾಸ್ತಿ, ಸುಳ್ಳಾದರೆ ದೆವ್ವ ನನ್ನನ್ನು ತಿನ್ನಲಿ. ಈ ಪಿಜ್ಜಾ ಚೆನ್ನಾಗಿದೆ, ಸುಳ್ಳಾದರೆ ನನಗೆ ಕ್ಯಾನ್ಸರ್ ಬರಲಿ. ಪಾಪ, ಯಾರನ್ನೂ ಬೈಯುತ್ತಿಲ್ಲ.

ಡ್ಯಾನಿಶ್‌ನವರು ಈ ವ್ಯತ್ಯಾಸವನ್ನು ಪದದಲ್ಲೇ ಇಟ್ಟುಕೊಂಡಿದ್ದಾರೆ. ಇಂಥ ಆಣೆ ಜಾತಿಯ ಪದಗಳಿಗೆ 'ಬ್ಯಾನೆಓರ್' ಅನ್ನುತ್ತಾರೆ. ಎದುರಿನವನನ್ನು ಮೂರ್ಖ, ಕತ್ತೆ, ಹಂದಿ ಅಂತ ಕರೆಯುವ ಪದಗಳಿಗೆ 'ಸ್ಕೆಲ್ಸ್‌ಓರ್'. ಬೇರೆ ಬೇರೆ ಡಬ್ಬಿ. ಕನ್ನಡದಲ್ಲಿ ನಾವು ಎರಡನ್ನೂ ಬೈಗುಳ ಅಂತ ಒಂದೇ ಚೀಲಕ್ಕೆ ತುಂಬುತ್ತೇವೆ. ಅದಕ್ಕೇ ಇಲ್ಲಿಂದ ಹೋದವರಿಗೆ ಮೊದಲ ತಿಂಗಳು ಕಿವಿ ಉರಿಯುವುದು.

ಕ್ಯಾನ್ಸರ್ ಪದದ ಬಗ್ಗೆ ಒಂದು ಮಾತು. ನಮ್ಮ ಆಫೀಸಿನ ಅಡುಗೆಮನೆಯಲ್ಲಿ ಅರವತ್ತು ದಾಟಿದ ಒಬ್ಬರು ಇದ್ದರು, ಮಧ್ಯಾಹ್ನದ ರೈ ಬ್ರೆಡ್ಡು, ಹೆರಿಂಗ್ ಮೀನು ಎಲ್ಲ ಜೋಡಿಸುವವರು. ಅವರ ಗಂಡ ಕ್ಯಾನ್ಸರ್‌ನಲ್ಲಿ ತೀರಿಕೊಂಡಿದ್ದರು. ಒಂದು ದಿನ ಹುಡುಗನೊಬ್ಬ ಕಾಫಿ ಚೆಲ್ಲಿಕೊಂಡು ಕ್ರಾಫ್ಟೇದಮೆ ಅಂದ. ಅವರಿಗೆ ಬೇಸರ ಆಗಿರಬೇಕು ಅಂದುಕೊಂಡು, ಆಮೇಲೆ ಮೆಲ್ಲಗೆ ಕೇಳಿದೆ. ಅವರಿಗೆ ನಾನು ಕೇಳಿದ್ದೇ ಅರ್ಥ ಆಗಲಿಲ್ಲ. ಎರಡು ಸಲ ಬಿಡಿಸಿ ಹೇಳಿದೆ. 'ಅಯ್ಯೋ ಹೌದಲ್ಲ, ಅದರಲ್ಲಿ ಆ ಪದ ಇದೆ' ಅಂದರು. ಎಪ್ಪತ್ತರ ಹತ್ತಿರ ಬಂದರೂ ಆ ಪದವನ್ನು ಒಡೆದು ನೋಡಿರಲಿಲ್ಲ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ನನಗೆ ಯಾಕಾದರೂ ಕೇಳಿದೆನೋ ಅನ್ನಿಸಿತು.

ರೋಗವನ್ನು ಕರೆಯುವ ಚಾಳಿ ಡ್ಯಾನಿಶ್‌ನಲ್ಲಿ ಹಳೆಯದು. 'ಪೊಕರ್' ಅಂತ ಒಂದು ಪದ ಇದೆ, ಈಗ ಅಜ್ಜಿಯರೂ ಹೇಳುವಷ್ಟು ಸಾಧು. ಅದರ ಮೂಲ ಸಿಡುಬು. ಸಿಡುಬು ಜಗತ್ತಿನಿಂದ ಹೋಯಿತು, ಪದ ಉಳಿಯಿತು. ಪಕ್ಕದ ಡಚ್ಚರು ಈ ವಿಷಯದಲ್ಲಿ ಇನ್ನೂ ಮುಂದೆ, ಅವರ ಬೈಗುಳದಲ್ಲಿ ಒಂದಿಡೀ ಆಸ್ಪತ್ರೆಯೇ ಇದೆ.

ಆದರೆ ಡೆನ್ಮಾರ್ಕಿನ ಮುಖ್ಯ ಸರಕು ರೋಗ ಅಲ್ಲ. ದೇವರು, ದೆವ್ವ, ನರಕ. 1536ರಲ್ಲಿ ಆ ದೇಶ ಲೂಥರನ ದಾರಿ ಹಿಡಿಯಿತು. ನಂತರ ಬಂದ ಕಾಲದಲ್ಲಿ ದೇವರ ಹೆಸರನ್ನು ಸುಮ್ಮಸುಮ್ಮನೆ ಎಳೆಯುವುದು ಹುಡುಗಾಟ ಆಗಿರಲಿಲ್ಲ. 1683ರಲ್ಲಿ ರಾಜ ಐದನೇ ಕ್ರಿಶ್ಚಿಯನ್ ಹೊರಡಿಸಿದ ಡ್ಯಾನಿಶ್ ಕಾನೂನಿನಲ್ಲಿ ದೇವನಿಂದೆಗೆ ಏನು ಶಿಕ್ಷೆ ಗೊತ್ತಾ? ಜೀವ ಇರುವಾಗಲೇ ನಾಲಿಗೆ ಕತ್ತರಿಸಬೇಕು. ಆಮೇಲೆ ತಲೆ. ಆಮೇಲೆ ಎರಡನ್ನೂ ಕಂಬಕ್ಕೆ ಚುಚ್ಚಬೇಕು. ಅಂಥ ನಾಡಿನಲ್ಲಿ 2017ರಲ್ಲಿ ದೇವನಿಂದೆಯ ಕಲಮನ್ನೇ ಪಾರ್ಲಿಮೆಂಟು ತೆಗೆದುಹಾಕಿತು. ಈಗಲೂ ಹತ್ತರಲ್ಲಿ ಏಳು ಜನ ಅಲ್ಲಿನ ರಾಷ್ಟ್ರೀಯ ಚರ್ಚಿನ ಸದಸ್ಯರೇ. ಭಾನುವಾರ ಮಾತ್ರ ಬೆಂಚುಗಳು ಖಾಲಿ. ಚರ್ಚಿಗೆ ಹೋಗದ ಹುಡುಗರ ಬಾಯಲ್ಲಿ ದೇವರು, ಸೈತಾನ, ನರಕ ಮೂವರೂ ದಿನಾ ಓಡಾಡುತ್ತಾರೆ. ಸೈಕಲ್ ಚೈನು ಕಳಚಿದರೆ 'ಫೊ ಹೆಲ್ವೆದೆ', ನರಕವೇ! ಬೀಗದ ಕೈ ಕಾಣದಿದ್ದರೆ 'ನನ್ನ ಕೀ ಯಾವ ದೆವ್ವದ ಹತ್ರ ಇದೆ' ಅನ್ನುವ ಧಾಟಿ.

ಹಿಂದಿನವರಿಗೆ ಭಯ ಇತ್ತು. ಭಯ ಇದ್ದದ್ದರಿಂದಲೇ ಸುತ್ತು ಬಳಸಿನ ಮಾತು ಹುಟ್ಟಿತು. ದೆವ್ವದ ಹೆಸರು ಹೇಳಬಾರದು ಅಂತ 'ಫೊ ಸೋರೆನ್' ಅನ್ನುತ್ತಿದ್ದರು. ಸೋರೆನ್ ಅನ್ನುವುದು ಅಲ್ಲಿ ಗಂಡಸರ ಮಾಮೂಲು ಹೆಸರು, ತತ್ವಜ್ಞಾನಿ ಕೀರ್ಕೆಗಾರ್ಡನ ಹೆಸರೂ ಅದೇ. ಆ ಹೆಸರಿಟ್ಟುಕೊಂಡವರ ಕಷ್ಟ ಊಹಿಸಿ. ನರಕಕ್ಕೆ ಹೋಗು ಅನ್ನಲಾರದೆ 'ಪೊಮೆರ್ನ್‌ಗೆ ಹೋಗು' ಅನ್ನುತ್ತಾರೆ, ಅದು ಬಾಲ್ಟಿಕ್ ಸಮುದ್ರದ ಆಚೆ ದಡದ ಒಂದು ಸೀಮೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 'ಹೆಕ್ಕನ್‌ಫೆಲ್ಟ್‌ಗೆ ಹೋಗು'. ಐಸ್‌ಲ್ಯಾಂಡಿನ ಹೆಕ್ಲಾ ಅನ್ನುವ ಜ್ವಾಲಾಮುಖಿಯನ್ನು ಹಳೇ ಕಾಲದ ಯುರೋಪಿನವರು ನರಕದ ಬಾಗಿಲು ಅಂತ ನಂಬಿದ್ದರು. ಆ ಪರ್ವತವೇ ಈ ಹೆಕ್ಕನ್‌ಫೆಲ್ಟ್. ಇಪ್ಪತ್ತರ ಹುಡುಗರಿಗೆ ಈ ಪದ ಹೇಳಿದರೆ 'ನಮ್ಮಜ್ಜ ಹೇಳ್ತಿದ್ದರು' ಅನ್ನುತ್ತಾರೆ. ಅವರಿಗೆ ಸುತ್ತು ದಾರಿ ಬೇಡ. ನರಕದ ಹೆಸರಿಗೆ ಹೆದರದವನಿಗೆ ಜ್ವಾಲಾಮುಖಿ ಯಾಕೆ?

ಹಾಗಾದರೆ ಹುಡುಗರು ಹೊಸದಾಗಿ ತಂದದ್ದೇನು? ಎಲ್ಲರೂ ಮೊದಲು ಹೇಳುವುದು ಇಂಗ್ಲಿಷಿನ 'ಫಕ್', 'ಶಿಟ್'. ಹೌದು, ಧಾರಾಳವಾಗಿ ಇದೆ. ಆದರೆ ಡ್ಯಾನಿಶ್ ಬಾಯಿಗೆ ಬಂದ ಮೇಲೆ ಅದರ ಹಲ್ಲು ಉದುರಿದೆ. ಎರವಲು ಬಂದ ಪದಕ್ಕೆ ಅಜ್ಜಿ ಇರುವುದಿಲ್ಲ. ಚಿಕ್ಕವರಿದ್ದಾಗ ಆ ಪದ ಆಡಿದ್ದಕ್ಕೆ ಅಮ್ಮ ಬಾಯಿಗೆ ಹೊಡೆದ ನೆನಪು ಅದರ ಜೊತೆ ಬಂದಿರುವುದಿಲ್ಲ. ಸಿನಿಮಾದಿಂದ, ಹಾಡಿನಿಂದ ಸೀದಾ ಬಂದದ್ದು. ನಮ್ಮ ಆಫೀಸಿನ ಹುಡುಗನೊಬ್ಬ ಲಂಡನ್ನಿನ ಗ್ರಾಹಕರಿಗೆ ಇಂಗ್ಲಿಷಿನಲ್ಲಿ ಮೇಲ್ ಬರೆಯುತ್ತಾ, ಅವರ ವಿನ್ಯಾಸ ತುಂಬಾ ಚೆನ್ನಾಗಿದೆ ಅನ್ನುವುದಕ್ಕೆ ಆ ಪದ ಸೇರಿಸಿದ್ದ. ಕಳಿಸುವ ಮುಂಚೆ ನನಗೆ ತೋರಿಸಿದ್ದು ಒಳ್ಳೆಯದಾಯಿತು. ತೆಗಿ ಅಂದೆ. ಅವನಿಗೆ ನಿಜವಾಗಿಯೂ ಆಶ್ಚರ್ಯ. 'ಆದರೆ ಇದು ಅವರದ್ದೇ ಪದ ಅಲ್ವಾ?' ಅಂದ. ಅವರದ್ದು ಅನ್ನುವುದಕ್ಕೇ ಅವರಿಗೆ ಚುಚ್ಚುತ್ತದೆ, ನಿನಗೆ ಚುಚ್ಚುವುದಿಲ್ಲ, ಅಂದೆ. ಅದರ ಜಾಗದಲ್ಲಿ ಅವನು ಬರೆದದ್ದು 'ವೆರಿ'. ತುಂಬಾ ಸಪ್ಪೆ ಅಂತ ಗೊಣಗಿದ.

ಇನ್ನೊಂದು, ಬೈಗುಳವನ್ನು ಹೊಗಳಿಕೆಗೆ ಹಚ್ಚುವುದು. 'ಸ್ಕೀದೆ' ಅನ್ನುವುದು ಮಲಕ್ಕೆ ಸಂಬಂಧಿಸಿದ ಪದ. ಸ್ಕೀದೆ ಅಂಟಿಸಿ 'ಚೆನ್ನಾಗಿದೆ' ಅಂದರೆ ಸಖತ್ತಾಗಿದೆ ಅಂತ. ಅದನ್ನೇ ಮುದ್ದು ಅನ್ನುವುದರ ಮುಂದೆ ಅಂಟಿಸಿ ಸ್ನೇಹಿತೆಯ ಹೊಸ ಮಗುವಿನ ಬಗ್ಗೆ ಹೇಳುತ್ತಾರೆ, ಮಗುವಿನ ತಾಯಿ ಖುಷಿಯಾಗುತ್ತಾಳೆ. 'ಹೊಲ್ ಕೆಫ್ಟ್' ಅಂದರೆ ಅಕ್ಷರಶಃ ಮೂತಿ ಮುಚ್ಚು. ಅದರಲ್ಲೂ ಮನುಷ್ಯರ ಬಾಯಿ ಅಲ್ಲ, ಪ್ರಾಣಿಯ ದವಡೆ. ಆದರೆ ಬೇಸಿಗೆಯಲ್ಲಿ ರಾತ್ರಿ ಹತ್ತಕ್ಕೂ ಬೆಳಕಿರುವ ಆಕಾಶ ನೋಡಿ ಹುಡುಗರು 'ಹೊಲ್ ಕೆಫ್ಟ್' ಅನ್ನುತ್ತಾ ನಿಲ್ಲುತ್ತಾರೆ. ಯಾರ ಮೂತಿ ಮುಚ್ಚಬೇಕೋ ದೇವರಿಗೇ ಗೊತ್ತು. ನಾವೂ ಆಶ್ಚರ್ಯ ಆದಾಗ 'ಹೋಗೋ ಸುಮ್ನೆ!' ಅನ್ನುವುದಿಲ್ಲವೇ, ಯಾರೂ ಎಲ್ಲಿಗೂ ಹೋಗಬೇಕಿಲ್ಲದಿದ್ದರೂ.

ಇದನ್ನೆಲ್ಲ ಅಲ್ಲಿ ಗಂಭೀರವಾಗಿ ಅಧ್ಯಯನ ಮಾಡುತ್ತಾರೆ. 1955ರಲ್ಲಿ ಶುರುವಾದ ಡ್ಯಾನಿಶ್ ಭಾಷಾ ಮಂಡಳಿ ಇದೆ, ಶಾಲೆ ಮತ್ತು ಸರ್ಕಾರಿ ಕಚೇರಿಗಳು ಅನುಸರಿಸಬೇಕಾದ ಕಾಗುಣಿತದ ಕೋಶ ಹೊರತರುವುದು ಅದೇ. ಅಲ್ಲಿನ ಸಂಶೋಧಕಿ ಮರಿಯಾನೆ ರಾಥ್ಯೆ ಬೇರೆ ಬೇರೆ ತಲೆಮಾರಿನವರ ಬೈಗುಳವನ್ನೇ ವಿಷಯ ಮಾಡಿಕೊಂಡವರು. ಕೋಪನ್‌ಹೇಗನ್ ವಿಶ್ವವಿದ್ಯಾಲಯದಲ್ಲಿ 2005ರಲ್ಲಿ ಒಂದು ಕೇಂದ್ರ ಶುರು ಮಾಡಿ, 1980ರ ದಶಕದಲ್ಲಿ ಮಾತು ರೆಕಾರ್ಡ್ ಮಾಡಿದ್ದ ಜನರನ್ನೇ ಮತ್ತೆ ಹುಡುಕಿ ಮಾತಾಡಿಸಿದರು. ಇದು ನನಗೆ ತುಂಬಾ ಹಿಡಿಸಿತು. ಯಾಕೆಂದರೆ 'ನೀವು ದಿನಕ್ಕೆ ಎಷ್ಟು ಸಲ ಬೈಯುತ್ತೀರಿ' ಅಂತ ಫಾರಂ ಕೊಟ್ಟರೆ ಯಾರೂ ನಿಜ ಬರೆಯುವುದಿಲ್ಲ. ಸುಳ್ಳು ಹೇಳುತ್ತಾರೆ ಅಂತಲ್ಲ. ಸ್ಗು ಅಂದದ್ದು ಅವರ ಕಿವಿಗೇ ಬಿದ್ದಿರುವುದಿಲ್ಲ. ನಮ್ಮ ಮಂಗಳೂರಿನ ಸ್ನೇಹಿತನಿಗೆ ದಿನಕ್ಕೆ ಎಷ್ಟು ಸಲ ಮಾರಾಯ ಅಂತೀಯ ಅಂತ ಕೇಳಿ ನೋಡಿ.

ಜೂನ್ ಕೊನೆಗೆ ಡೆನ್ಮಾರ್ಕಿಗೆ ಹೋದರೆ ಹುಡುಗರ ಭಾಷೆಯ ಒಂದು ಜಾತ್ರೆಯೇ ಕಾಣುತ್ತದೆ. ನಮ್ಮ ಪಿಯುಸಿ ಥರದ ಓದು ಮುಗಿಸಿದವರು ತಲೆಗೆ ಬಿಳಿ ಟೋಪಿ ಹಾಕಿಕೊಂಡು, ತೆರೆದ ಲಾರಿಗೆ ಬೀಚ್ ಮರದ ಹಸಿರು ಕೊಂಬೆ ಕಟ್ಟಿಕೊಂಡು, ಇಡೀ ತರಗತಿ ಒಟ್ಟಿಗೆ ಊರು ಸುತ್ತುತ್ತದೆ. ಪ್ರತಿಯೊಬ್ಬರ ಮನೆ ಮುಂದೆ ನಿಲ್ಲಬೇಕು. ಅಪ್ಪ ಅಮ್ಮ ತಿನ್ನಲು ಕುಡಿಯಲು ಕೊಡಬೇಕು. ಲಾರಿಯ ಪಕ್ಕಕ್ಕೆ ಬಿಳಿ ಬಟ್ಟೆಯ ಬ್ಯಾನರು. ಅದರ ಮೇಲೆ ಎರಡರ್ಥದ ಪೋಲಿ ಮಾತು, ಕೆಳಗೆ 'ಒಂದು ಹಾರ್ನ್ ಹೊಡೆದರೆ ಒಂದು ಗುಟುಕು' ಅನ್ನುವ ಥರದ ಒಪ್ಪಂದ. ಹಿಂದಿನಿಂದ ಬಂದ ಬಸ್ಸಿನ ಡ್ರೈವರೂ ಹಾರ್ನ್ ಹೊಡೆದು ಸಹಕರಿಸುತ್ತಾನೆ. ಅಕ್ಕಪಕ್ಕದ ಅಜ್ಜಿಯರು ಬಾಲ್ಕನಿಯಿಂದ ಕೈ ಬೀಸುತ್ತಾರೆ.

ನಮ್ಮ ಪಕ್ಕದ ಮನೆಯ ಹುಡುಗಿ ಅವಳ ಟೋಪಿಯನ್ನು ನನ್ನ ಕೈಗೆ ಕೊಟ್ಟಿದ್ದಳು. ಅದರ ಒಳಗಿನ ಬಟ್ಟೆಯ ಮೇಲೆ ಸಹಪಾಠಿಗಳು ಪೆನ್ನಿನಲ್ಲಿ ಬರೆಯುವ ರೂಢಿ. ಓದುತ್ತಾ ಹೋದೆ. ಒಂದು ಸಾಲು ಪ್ರೀತಿ, ಒಂದು ಸಾಲು ಅಶ್ಲೀಲ, ಒಂದು ಸಾಲಿನಲ್ಲಿ ಸೈತಾನ. ಒಬ್ಬ ಬರೆದಿದ್ದ: 'ನೀನಿಲ್ಲದಿದ್ದರೆ ನಾನು ಗಣಿತದಲ್ಲಿ ಪಾಸಾಗುತ್ತಿರಲಿಲ್ಲ, ಫ್ಯಾನ್ಮೆ.' ದೆವ್ವ ನನ್ನ ತಿನ್ನಲಿ. ಆ ಹುಡುಗನಿಗೆ ಆ ಪದ ಬಿಟ್ಟು ಬೇರೆ ಯಾವುದೂ ಅಷ್ಟು ನಿಜ ಅನ್ನಿಸುತ್ತಿರಲಿಲ್ಲ ಅಂತ ಕಾಣುತ್ತದೆ. ಆಣೆ ಇಲ್ಲಿ ಆಣೆಯಾಗಿಯೇ ಕೆಲಸ ಮಾಡಿತ್ತು.

ಈಗ ನನಗೆ ತೀರಾ ಕುತೂಹಲದ ಭಾಗಕ್ಕೆ ಬರುತ್ತೇನೆ. ಕೋಪನ್‌ಹೇಗನ್‌ನ ನೋರೆಬ್ರೊ ಕಡೆ ತುರ್ಕಿ, ಅರಬ್, ಪಾಕಿಸ್ತಾನ, ಸೊಮಾಲಿಯಾ ಮೂಲದ ಮನೆಗಳು ಬಹಳ. ಆ ಮಕ್ಕಳು ಹುಟ್ಟಿದ್ದು ಅಲ್ಲೇ, ಓದಿದ್ದು ಡ್ಯಾನಿಶ್‌ನಲ್ಲೇ. ಅವರು, ಅವರ ಜೊತೆ ಬೆಳೆದ ಡ್ಯಾನಿಶ್ ಮೂಲದ ಹುಡುಗರು, ಎಲ್ಲರೂ ಸೇರಿ ಆಡುವ ಒಂದು ಬಗೆಯ ಡ್ಯಾನಿಶ್ ಇದೆ. ಪಿಯಾ ಕ್ವಿಸ್ಟ್ ಅನ್ನುವ ಭಾಷಾವಿಜ್ಞಾನಿ 2000ನೇ ಇಸವಿಯಲ್ಲೇ ಅದರ ಬಗ್ಗೆ ಬರೆದರು. ಅದರಲ್ಲಿ ಎದ್ದು ಕೇಳುವ ಪದ 'ವಲ್ಲಾ'. ಅರಬ್ಬಿಯಲ್ಲಿ ಅಲ್ಲಾಹನ ಆಣೆ ಅಂತ. ಅದರ ಬೆನ್ನಿಗೇ 'ಯಾಯ್ ಸ್ವೆರ್ಗರ್', ನಾನು ಆಣೆ ಇಡುತ್ತೇನೆ. ಕೆಲವು ದೊಡ್ಡವರಿಗೆ ಇದು ಕಿವಿಗೆ ಕೆರೆತ. ಡ್ಯಾನಿಶ್ ಭಾಷೆ ಕೆಡುತ್ತಿದೆ ಅನ್ನುತ್ತಾರೆ. ಹಾಗೆ ಅನ್ನುವಾಗಲೂ ಮಧ್ಯೆ ಒಂದು ಸ್ಗು ಹಾಕುತ್ತಾರೆ!

5ಸಿ ಬಸ್ಸಿನಲ್ಲಿ ಒಮ್ಮೆ ನನ್ನ ಹಿಂದಿನ ಸೀಟಿನಲ್ಲಿ ಇಬ್ಬರು ಹುಡುಗರು ಶವರ್ಮಾ ಬಗ್ಗೆ ಜಗಳ ಆಡುತ್ತಿದ್ದರು. ಅಂಗಡಿಯವನು ಜಾಸ್ತಿ ಸಾಸ್ ಹಾಕಿದನೋ ಇಲ್ಲವೋ ಅನ್ನುವುದು ವಿಷಯ. ಒಬ್ಬ ಹೇಳಿದ: 'ವಲ್ಲಾ, ಅವನು ಸ್ಗು ಎರಡು ಚಮಚ ಹಾಕಿದ.' ಒಂದೇ ಉಸಿರಿನಲ್ಲಿ ಅರಬ್ಬಿಯ ದೇವರ ಆಣೆ, ಡ್ಯಾನಿಶ್ ದೇವರ ಆಣೆ. ಸಾಸ್ ವಿಚಾರಕ್ಕೆ ಇಬ್ಬರು ದೇವರ ಸಾಕ್ಷಿ. ಒಂದು ಆಣೆ ಇನ್ನೂ ಹೊಸದು, ಇನ್ನೊಂದು ಶತಮಾನಗಟ್ಟಲೆ ಸವೆದದ್ದು. ವಲ್ಲಾ ಕೂಡ ಆಗಲೇ ಸವೆಯುತ್ತಿದೆ ಅಂತ ನನ್ನ ಅಂದಾಜು. ಮುಸ್ಲಿಂ ಅಲ್ಲದ ಮಕ್ಕಳೂ ಅದನ್ನು ಹೇಳುವುದು ಕೇಳಿದ್ದೇನೆ, ಅವರಿಗೆ ಅದು ಮಾರಾಯ.

ಎಲ್ಲ ನಡೆಯುತ್ತದೆ ಅಂತಲ್ಲ. ಸೈತಾನನನ್ನು ಊಟದ ಮೇಜಿನ ಮೇಲೆ ಕೂರಿಸುವ ಅದೇ ಹುಡುಗರು, ಒಬ್ಬರ ಮೈಬಣ್ಣದ ಬಗ್ಗೆ, ಹುಟ್ಟಿದ ಮೂಲದ ಬಗ್ಗೆ, ಅಂಗವೈಕಲ್ಯದ ಬಗ್ಗೆ ಇರುವ ಒಂದು ಪದ ಬಿದ್ದರೆ ತಟ್ಟನೆ ಮೌನವಾಗುತ್ತಾರೆ. ನಮ್ಮ ಅಡುಗೆಮನೆಯಲ್ಲಿ ಒಮ್ಮೆ ಐವತ್ತು ದಾಟಿದ ಒಬ್ಬರು ಅಂಥದ್ದೊಂದು ಹಳೇ ಪದ ಆಡಿದರು. ಅವರ ಕಾಲಕ್ಕೆ ಅದು ಮಾಮೂಲು. ಬಾಳೆಹಣ್ಣಿನ ಹುಡುಗಿ ಚಮಚ ಕೆಳಗಿಟ್ಟು ಎದ್ದು ಹೋದಳು. 1683ರ ನಾಲಿಗೆ ಕತ್ತರಿಸುವ ಜಾಗ ಖಾಲಿಯಾಗಿಲ್ಲ, ಅಲ್ಲಿ ಬೇರೆ ಪದಗಳು ಬಂದು ಕೂತಿವೆ. ಮತ್ತೆ ಅವು ಎಲ್ಲ ಆ ಎರಡನೇ ಡಬ್ಬಿಯವು, ಎದುರಿನವನ ಕಡೆ ತಿರುಗಿದವು.

ಮಾತು ಮುಗಿದ ಮೇಲೆ ಪ್ರಶ್ನೆ ಕೇಳಿದರು. ಮಕ್ಕಳಿಗೆ ಇದೆಲ್ಲ ಯಾಕೆ ಹೇಳ್ತೀರಿ ಅಂತ ಒಬ್ಬರು. ಸ್ವೀಡನ್ನಿನಲ್ಲೂ ಹೀಗೇನಾ ಅಂತ ಇನ್ನೊಬ್ಬರು. ಹೌದು, ಅಲ್ಲೂ ದೆವ್ವವೇ, ಹೆಸರು 'ಫಾನ್'. ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ನಿವೃತ್ತ ಮೇಷ್ಟ್ರು ಎದ್ದು ನಿಂತು, 'ಎಲ್ಲ ಸರಿ ಸ್ವಾಮಿ, ಖುಷಿಗೂ ದೆವ್ವ, ಚಳಿಗೂ ದೆವ್ವ. ನಿಜವಾಗಲೂ ಸಿಟ್ಟು ಬಂದರೆ ಅವರು ಏನಂತಾರೆ?' ಅಂದರು.

ಅದಕ್ಕೆ ನಾನು ಈ ಕತೆ ಹೇಳಿದೆ. ನಮ್ಮ ಕೆಳಗಿನ ಮನೆಯಲ್ಲಿ ಒಬ್ಬ ಯುವಕ ಇದ್ದ. ಮೆಟ್ಟಿಲಲ್ಲಿ ಸಿಕ್ಕರೆ ಮೂರು ವಾಕ್ಯಕ್ಕೆ ನಾಲ್ಕು ಸ್ಗು, ಎರಡು ಫ್ಯಾನ್ಮೆ. ಒಂದು ಭಾನುವಾರ ನಾನು ವಾಷಿಂಗ್ ಮಷೀನಿನ ಪೈಪು ಸರಿಯಾಗಿ ಸಿಕ್ಕಿಸದೆ ಹೊರಗೆ ಹೋಗಿದ್ದೆ. ವಾಪಸ್ ಬರುವಷ್ಟರಲ್ಲಿ ನೀರು ಅವನ ಮನೆಯ ಸೂರಿನಿಂದ ಇಳಿದು, ಅವನ ಪುಸ್ತಕದ ಕಪಾಟು, ಗಿಟಾರು ಎಲ್ಲ ನೆನೆದಿತ್ತು. ನಾನು ಬಾಗಿಲಲ್ಲಿ ನಿಂತು ನನಗೆ ಬರುತ್ತಿದ್ದ ಡ್ಯಾನಿಶ್ ಎಲ್ಲ ಸೇರಿಸಿ ಕ್ಷಮೆ ಕೇಳಿದೆ. ಅವನು ಸೂರು ನೋಡಿದ. ಗಿಟಾರು ನೋಡಿದ. ನನ್ನನ್ನು ನೋಡಿದ. ಡ್ಯಾನಿಶ್‌ನಲ್ಲಿ 'ಸರಿ', 'ಹೂಂ', 'ಹೌದಾ' ಎಲ್ಲಕ್ಕೂ ಸಲ್ಲುವ ಒಂದು ಪುಟ್ಟ ಪದ ಇದೆ.

'ನೊ' ಅಂದ. ಬಾಗಿಲು ಹಾಕಿಕೊಂಡ.

ಸ್ಗು ಇರಲಿಲ್ಲ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.